ಆಯುರಾರೋಗ್ಯಸೌಖ್ಯವೆಂಬ ಮಹಾಸಂಖ್ಯೆ

ಮಟ್ಟಾಂಚೇರಿಯ ಬಜಾರಿನ ಬೀದಿಗಳು ಬಹುಭಾಷೆಗಳ ಸಂಗಮಸ್ಥಾನಗಳಾಗಿವೆ. ಮೆಣಸು, ಶುಂಠಿ, ಏಲಕ್ಕಿಗಳ ವ್ಯಾಪಾರವು ಶತಮಾನಗಳಿಂದ ಇಲ್ಲಿಗೆ ಕರೆತಂದ ಜನರು ಮಲಯಾಳ, ಕೊಂಕಣಿ, ಗುಜರಾತಿ, ತಮಿಳು, ತುಳು, ಕನ್ನಡ ಮೊದಲಾದ ನುಡಿಗಳಲ್ಲಿ ಎಣಿಸುತ್ತಾರೆ. ಒಬ್ಬನು 'ಪತ್ತ್' ಎಂದರೆ ಇನ್ನೊಬ್ಬನು 'ಧಾ' ಎನ್ನುತ್ತಾನೆ. ನಾವು 'ಹತ್ತು' ಎನ್ನುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಲ್ಲರೂ ಬರೆಯುವುದು ಒಂದೇ ಹತ್ತು. ಇಲ್ಲಿಯ ಯೆಹೂದ್ಯರ ಪೇಟೆಯಲ್ಲಿ 1760ರಲ್ಲಿ ಕಟ್ಟಿದ ಗಡಿಯಾರದ ಗೋಪುರವೂ ಇದನ್ನೇ ಸಾರುತ್ತದೆ. ಅದರ ಮುಖಗಳಲ್ಲಿ ಬೇರೆ ಬೇರೆ ಲಿಪಿಗಳ ಅಂಕಿಗಳಿದ್ದರೂ ಅವು ತೋರಿಸುವ ಹೊತ್ತು ಒಂದೇ. ಸಂಖ್ಯೆಯು ಯಾವ ಭಾಷೆಯ ಸ್ವತ್ತೂ ಅಲ್ಲ. ಆದರೂ ಪ್ರತಿಯೊಂದು ಜನಾಂಗವೂ ಸಂಖ್ಯೆಗಳಿಗೆ ತನ್ನದೇ ಆದ ಉಡುಗೆಯನ್ನು ತೊಡಿಸಿ ಸಂತೋಷಪಟ್ಟಿದೆ.

ನಾವು ಬಂದು ನೆಲೆಸಿರುವ ಈ ಕೇರಳದಲ್ಲಿ ಅಂತಹ ಉಡುಗೆಯನ್ನು ತೊಟ್ಟ ಒಂದು ದೊಡ್ಡ ಸಂಖ್ಯೆಯುಂಟು. ಅದು 17,12,210. ಹದಿನೇಳು ಲಕ್ಷದ ಹನ್ನೆರಡು ಸಾವಿರದ ಇನ್ನೂರ ಹತ್ತು ಎಂಬ ಈ ಪೂರ್ಣಾಂಕಕ್ಕೆ ಇನ್ನೊಂದು ಹೆಸರಿದೆ: 'ಆಯುರಾರೋಗ್ಯಸೌಖ್ಯಂ'. ಆರೋಗ್ಯ ಲೇಖನಗಳಿಗೆ ಎಡೆಗೊಟ್ಟಿರುವ ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಈ ಸಂಖ್ಯೆಯ ಪರಿಚಯವನ್ನು ಮಾಡಿಕೊಡುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಈ ಸಂಖ್ಯೆಗೆ ಹುಟ್ಟಿನಿಂದಲೇ ಬಂದ ಗುಣಗಳು ಯಾವುವು, ಮನುಷ್ಯನು ಅದಕ್ಕೆ ಕೊಟ್ಟ ಗುಣಗಳು ಯಾವುವು ಎಂಬುದನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಈ ವಿವೇಚನೆಗೂ ನಮ್ಮ ದೇಹಾರೋಗ್ಯಕ್ಕೂ ಇರುವ ಸಂಬಂಧವನ್ನು ಕೊನೆಯಲ್ಲಿ ವಾಚಕರು ಮನಗಾಣಬಹುದು.

ಸಂಖ್ಯೆಯ ಜನ್ಮವೃತ್ತಾಂತ

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಕೇರಳದಲ್ಲಿದ್ದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು ಮಹಾಪಂಡಿತರು. ವ್ಯಾಕರಣದಲ್ಲಿ 'ಪ್ರಕ್ರಿಯಾಸರ್ವಸ್ವ' ಎಂಬ ಬೃಹದ್‌ಗ್ರಂಥವನ್ನು ರಚಿಸಿದವರು. ಅವರ ಗುರುಗಳಾದ ತೃಕ್ಕಂಡಿಯೂರು ಅಚ್ಯುತ ಪಿಷಾರಡಿಗಳು ವೈಯಾಕರಣರೂ ಜ್ಯೋತಿರ್ಗಣಿತಜ್ಞರೂ ಆಗಿದ್ದರು. 'ಸ್ಫುಟನಿರ್ಣಯ' ಎಂಬ ಗ್ರಂಥವನ್ನು ಬರೆದು ಗ್ರಹಗತಿಗಳ ಲೆಕ್ಕವನ್ನು ತಿದ್ದಿದವರು. ಗುರುಗಳನ್ನು ಕಾಡುತ್ತಿದ್ದ ವಾತರೋಗವನ್ನು ಶಿಷ್ಯನು ತನ್ನ ಮೈಮೇಲೆ ಆವಾಹಿಸಿಕೊಂಡನೆಂದೂ, ಆ ಬಾಧೆಯ ನಿವಾರಣೆಗಾಗಿ ಗುರುವಾಯೂರಿನ ಶ್ರೀಕೃಷ್ಣನ ಸನ್ನಿಧಿಯಲ್ಲಿ ಕುಳಿತು ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ 'ನಾರಾಯಣೀಯ'ವನ್ನು ರಚಿಸಿದನೆಂದೂ ಐತಿಹ್ಯವಿದೆ. ಸಾವಿರಕ್ಕೂ ಮಿಕ್ಕ ಶ್ಲೋಕಗಳ ಈ ಸ್ತೋತ್ರಕಾವ್ಯವು ಭಾಗವತದ ಸಾರಸಂಗ್ರಹವೆಂದು ಪ್ರಸಿದ್ಧವಾಗಿದೆ. ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ವ್ಯಾಖ್ಯಾನಸಹಿತವಾಗಿ ಅಚ್ಚು ಮಾಡಿಸಿದರು.

ಕವಿಯು ಕಾವ್ಯವನ್ನು ಮುಗಿಸಿದ್ದು ಆಯುಸ್ಸು, ಆರೋಗ್ಯ, ಸೌಖ್ಯಗಳನ್ನು ಕೋರುವ ಪದದಿಂದ. ಆ ಪದವು ಪ್ರಾರ್ಥನೆಯೂ ಹೌದು, ಕಾವ್ಯ ಮುಗಿದ ದಿನದ ದಾಖಲೆಯೂ ಹೌದು. ರುಜು ಹಾಕಿ ತಾರೀಖು ಬರೆಯುವ ಕೆಲಸವನ್ನು ಒಂದೇ ಪದದಲ್ಲಿ ಮಾಡಿ ಮುಗಿಸಿದ ಚಾತುರ್ಯವಿದು. ಪದವೊಂದು ತಾರೀಖಾಗುವ ಬಗೆಯನ್ನು ಈಗ ನೋಡೋಣ.

ಅಕ್ಷರವು ಅಂಕವಾಗುವ ಬಗೆ

ಇದಕ್ಕೆ 'ಕಟಪಯಾದಿ' ಪದ್ಧತಿಯೆಂದು ಹೆಸರು. ಕೇರಳದಲ್ಲಿ ಏಳನೆಯ ಶತಮಾನದಲ್ಲಿದ್ದ ಹರಿದತ್ತನ ಗ್ರಂಥದಲ್ಲಿಯೇ ಇದರ ಪ್ರಯೋಗ ದೊರೆಯುತ್ತದೆ. ನಮ್ಮ ಕನ್ನಡ ವರ್ಣಮಾಲೆಯನ್ನು ಬಲ್ಲ ಯಾರಿಗೇ ಆದರೂ ಇದು ಹತ್ತು ನಿಮಿಷದ ಪಾಠ. ಕ ಖ ಗ ಘ ಙ ಚ ಛ ಜ ಝ ಎಂಬ ಒಂಬತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಞಕಾರಕ್ಕೆ ಸೊನ್ನೆ. ಟ ಠ ಡ ಢ ಣ ತ ಥ ದ ಧ ಎಂಬವುಗಳಿಗೂ 1ರಿಂದ 9, ನಕಾರಕ್ಕೆ ಸೊನ್ನೆ. ಪ ಫ ಬ ಭ ಮ ಎಂಬವುಗಳಿಗೆ 1ರಿಂದ 5. ಯ ರ ಲ ವ ಶ ಷ ಸ ಹ ಎಂಬವುಗಳಿಗೆ 1ರಿಂದ 8, ಳಕಾರಕ್ಕೆ 9. ವ್ಯಂಜನದ ಜೊತೆಗೂಡದೆ ನಿಂತ ಸ್ವರಕ್ಕೆ ಸೊನ್ನೆ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ಅನುಸ್ವಾರ ವಿಸರ್ಗಗಳಿಗೆ ಬೆಲೆಯಿಲ್ಲ. ಮೊದಲ ಅಕ್ಷರವು ಬಿಡಿಸ್ಥಾನ, ಎರಡನೆಯದು ಹತ್ತರ ಸ್ಥಾನ, ಮೂರನೆಯದು ನೂರರ ಸ್ಥಾನ. ಹೀಗೆ ಅಂಕಗಳು ಬಲದಿಂದ ಎಡಕ್ಕೆ ನಡೆಯುತ್ತವೆ.

ಈಗ ನಮ್ಮ ಪದವನ್ನು ಬಿಡಿಸೋಣ. ಆ ಎಂದರೆ 0, ಯು ಎಂದರೆ 1, ರಾ 2, ರೋ 2, ಗ್ಯ ಎಂಬಲ್ಲಿ ಯಕಾರದ 1, ಸೌ 7, ಖ್ಯಂ ಎಂಬಲ್ಲಿ ಮತ್ತೆ ಯಕಾರದ 1. ಬಲದಿಂದ ಎಡಕ್ಕೆ ಬರೆದಾಗ 1712210 ದೊರೆಯುತ್ತದೆ.

ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಕರ್ನಾಟಕ ಸಂಗೀತವನ್ನು ಕಲಿಯುವ ನಮ್ಮ ಮಕ್ಕಳು ತಿಳಿದೋ ತಿಳಿಯದೆಯೋ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಮಾಯಾಮಾಳವಗೌಳ ಎಂಬ ಹೆಸರಿನ ಮೊದಲೆರಡು ಅಕ್ಷರಗಳಾದ ಮಾ, ಯಾ ಎಂಬವು 5 ಮತ್ತು 1. ತಿರುಗಿಸಿದರೆ 15ನೆಯ ಮೇಳ. ಧೀರಶಂಕರಾಭರಣದ ಧೀ, ರ ಎಂಬವು 9 ಮತ್ತು 2. ಅದು 29ನೆಯ ಮೇಳ. ಮೇಚಕಲ್ಯಾಣಿ 65ನೆಯದು. ಸಂಖ್ಯೆ ಬರಲೆಂದೇ ಶಂಕರಾಭರಣಕ್ಕೆ 'ಧೀರ' ಎಂಬ, ಕಲ್ಯಾಣಿಗೆ 'ಮೇಚ' ಎಂಬ ಪೂರ್ವಪದವನ್ನು ಸೇರಿಸಲಾಗಿದೆ. ತಿರುವನಂತಪುರದಲ್ಲಿ ಆಳಿದ, ಕನ್ನಡದಲ್ಲಿಯೂ ಕೃತಿಗಳನ್ನು ರಚಿಸಿದ ಸ್ವಾತಿ ತಿರುನಾಳ್ ಮಹಾರಾಜರ ರಾಗಗಳನ್ನು ಹಾಡುವಾಗಲೂ ನಾವು ಈ ಅಕ್ಷರಗಣಿತದ ಅಂಗಳದಲ್ಲಿಯೇ ಇರುತ್ತೇವೆ.

ಕಲಿದಿನದ ಲೆಕ್ಕ

17,12,210 ಎಂಬುದು ಕಲಿಯುಗದ ದಿನಗಳ ಎಣಿಕೆ. ಕಲಿಯುಗವು ಕ್ರಿ.ಪೂ. 3102ನೆಯ ವರ್ಷದ ಫೆಬ್ರವರಿ 18ರ ಶುಕ್ರವಾರ ಆರಂಭವಾಯಿತೆಂಬುದು ನಮ್ಮ ಜ್ಯೋತಿಷಿಗಳ ಗಣನೆ. ಆ ದಿನವನ್ನು ಒಂದೆಂದು ಎಣಿಸಿ ಮುಂದುವರಿದರೆ 17,12,210ನೆಯ ದಿನವು ಕ್ರಿ.ಶ. 1586ರ ನವೆಂಬರ್ 27ಕ್ಕೆ ಬರುತ್ತದೆ. ಇದು ಹಳೆಯ ಜೂಲಿಯನ್ ಪಂಚಾಂಗದ ತಾರೀಖು. 1582ರ ಅಕ್ಟೋಬರಿನಲ್ಲಿ ಹತ್ತು ದಿನಗಳನ್ನು ಬಿಟ್ಟು ತಿದ್ದಿದ ಇಂದಿನ ಗ್ರೆಗೋರಿಯನ್ ಪಂಚಾಂಗದಲ್ಲಿ ಅದು ಡಿಸೆಂಬರ್ 7.

ವಾಚಕರು ಸ್ವತಃ ಪರೀಕ್ಷಿಸಿ ನೋಡಬಹುದು. ಆರ್ಯಭಟನು ಹೇಳಿದ ವರ್ಷದ ಉದ್ದವು 365 ದಿನ, 6 ಗಂಟೆ, ಹನ್ನೆರಡೂವರೆ ನಿಮಿಷ. ಅದರಿಂದ 17,12,210ನ್ನು ಭಾಗಿಸಿದರೆ 4,687 ವರ್ಷಗಳು ಸಂದು ಸುಮಾರು 242 ದಿನಗಳು ಉಳಿಯುತ್ತವೆ. ಮೇಷ ಸಂಕ್ರಮಣದಿಂದ ಅಷ್ಟು ದಿನಗಳನ್ನು ಎಣಿಸಿದರೆ ವೃಶ್ಚಿಕ ಮಾಸದ ಉತ್ತರಾರ್ಧವನ್ನು ಮುಟ್ಟುತ್ತೇವೆ. ವೃಶ್ಚಿಕ 28ರಂದು ನಾರಾಯಣೀಯ ದಿನವನ್ನು ಆಚರಿಸುವ ಸಂಪ್ರದಾಯಕ್ಕೆ ಇದು ಒಪ್ಪುತ್ತದೆ.

ವಾರವನ್ನು ತಿಳಿಯಬೇಕಾದರೆ 7ರಿಂದ ಭಾಗಿಸಬೇಕು. ಭಾಗಲಬ್ಧ 2,44,601, ಶೇಷ 3. ಶುಕ್ರವಾರವನ್ನು ಒಂದೆಂದು ಎಣಿಸಿದರೆ ಮೂರನೆಯದು ಭಾನುವಾರ. ತಿಂಗಳುಗಳ ಉದ್ದವೆಷ್ಟು, ಅಧಿಕಮಾಸ ಯಾವಾಗ, ಯಾವ ಅರಸನು ಯಾವ ಶಕೆಯನ್ನು ಬಳಸಿದನು ಎಂಬ ತೊಡಕುಗಳಿಗೆ ಈ ಲೆಕ್ಕದಲ್ಲಿ ಎಡೆಯಿಲ್ಲ. ಕಲಿದಿನದ ಹಿರಿಮೆಯೇ ಅದು.

ಆದರೆ ಎಚ್ಚರಿಕೆ ಬೇಕು. 'ಸೌಖ್ಯಂ' ಎಂಬಲ್ಲಿ ಯಾರಾದರೂ 'ಸುಖಂ' ಎಂದು ಬರೆದರೆ ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಾಗದು; ಸಂಖ್ಯೆ ಮಾತ್ರ 27,12,210 ಆಗುತ್ತದೆ. ಹತ್ತು ಲಕ್ಷ ದಿನಗಳ, ಎಂದರೆ ಸುಮಾರು 2,738 ವರ್ಷಗಳ ವ್ಯತ್ಯಾಸ! ಕಾವ್ಯವು ಇನ್ನೂ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೆ ರಚಿತವಾಗಬೇಕಾಗುತ್ತದೆ. ತಾಳೆಗರಿಯ ಪ್ರತಿಕಾರನು ಒಂದು ಒತ್ತಕ್ಷರವನ್ನು ಉಳಿಸಿದ್ದರಿಂದ ಒಂದು ಚರಿತ್ರೆ ಉಳಿಯಿತು.

ಸಂಖ್ಯೆಯ ಸ್ವಂತ ಗುಣಗಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ಮನುಷ್ಯನು ಕೊಟ್ಟ ಉಡುಗೆ. ಅದನ್ನು ಕಳಚಿ ನೋಡಿದರೆ ಸಂಖ್ಯೆಯು ಹೇಗಿದೆ?

ಕೊನೆಯ ಅಂಕ ಸೊನ್ನೆಯಾದ್ದರಿಂದ ಅದು 10ರಿಂದ ಭಾಗವಾಗುತ್ತದೆ. ಅಂಕಗಳನ್ನು ಕೂಡಿದರೆ 14. ಆದ್ದರಿಂದ 3ರಿಂದಲೂ 9ರಿಂದಲೂ ಭಾಗವಾಗದು. 10ರಿಂದ ಭಾಗಿಸಿ ಬಂದ 1,71,221ನ್ನು 7, 11, 13 ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ 43ರವರೆಗೂ ನಿರಾಶೆಯೇ. 47ಕ್ಕೆ ಬಂದಾಗ ಬಾಗಿಲು ತೆರೆಯುತ್ತದೆ: 47 × 3,643 = 1,71,221. ಈ 3,643 ಎಂಬುದು ಮತ್ತೆ ಒಡೆಯುವುದೇ? 61ರ ವರ್ಗವು 3,721. ಆದ್ದರಿಂದ 60ರೊಳಗಿನ ಹದಿನೇಳು ಅವಿಭಾಜ್ಯ ಸಂಖ್ಯೆಗಳಿಂದ ಪರೀಕ್ಷಿಸಿದರೆ ಸಾಕು. ಅವುಗಳಲ್ಲಿ ಒಂದೂ ಅದನ್ನು ಭಾಗಿಸುವುದಿಲ್ಲ. ಹಾಗಾಗಿ 3,643 ಕೂಡ ಅವಿಭಾಜ್ಯ. ಒಟ್ಟಿನಲ್ಲಿ 17,12,210 = 2 × 5 × 47 × 3,643. ಈ ನಾಲ್ಕು ಇಟ್ಟಿಗೆಗಳಿಂದಲ್ಲದೆ ಬೇರೆ ಯಾವ ಅವಿಭಾಜ್ಯಗಳಿಂದಲೂ ಈ ಕಟ್ಟಡವನ್ನು ಕಟ್ಟಲಾಗದು.

ಇನ್ನೂ ಒಂದು ವಿಶೇಷವಿದೆ. ಯಾವುದೇ ವರ್ಗಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ. ಆದ್ದರಿಂದ ಎರಡು ವರ್ಗಗಳ ವ್ಯತ್ಯಾಸವನ್ನು 4ರಿಂದ ಭಾಗಿಸಿದಾಗ ಶೇಷವು 2 ಎಂದಿಗೂ ಆಗದು. ನಮ್ಮ ಸಂಖ್ಯೆಯ ಶೇಷವು 2. ಆದುದರಿಂದ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವಿಲ್ಲ. ಮೊತ್ತವಾಗಿಯಾದರೂ ಬರೆಯಬಹುದೇ ಎಂದರೆ ಅದೂ ಇಲ್ಲ. 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯವೊಂದು ಜೋಡಿಯಿಲ್ಲದೆ ಸಂಖ್ಯೆಯೊಳಗೆ ಇದ್ದರೆ ಆ ಸಂಖ್ಯೆಯು ಎರಡು ವರ್ಗಗಳ ಮೊತ್ತವಾಗದೆಂದು ಗಣಿತಜ್ಞರು ಸಾಧಿಸಿದ್ದಾರೆ. ಇಲ್ಲಿ 47 ಮತ್ತು 3,643 ಎರಡೂ ಅಂತಹವೇ.

ಪ್ರಾಚೀನ ಗ್ರೀಕರು ಸಂಖ್ಯೆಗಳನ್ನು ಪೂರ್ಣ, ಅಧಿಕ, ಊನ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಒಂದು ಸಂಖ್ಯೆಯ ಭಾಜಕಗಳನ್ನೆಲ್ಲ, ಆ ಸಂಖ್ಯೆಯೊಂದನ್ನು ಬಿಟ್ಟು, ಕೂಡಿದಾಗ ಅದೇ ಸಂಖ್ಯೆ ಬಂದರೆ ಅದು ಪೂರ್ಣ. 1, 2, 3 ಸೇರಿ 6 ಆಗುವುದು ಇದಕ್ಕೆ ಉದಾಹರಣೆ. ಮೊತ್ತವು ಹೆಚ್ಚಾದರೆ ಅಧಿಕ, ಕಡಮೆಯಾದರೆ ಊನ. ನಮ್ಮ ಸಂಖ್ಯೆಗೆ 16 ಭಾಜಕಗಳಿವೆ. ಅದನ್ನೇ ಬಿಟ್ಟು ಉಳಿದ ಹದಿನೈದನ್ನು ಕೂಡಿದರೆ 14,36,206. ಎಂದರೆ, ಆಯುಸ್ಸನ್ನೂ ಆರೋಗ್ಯವನ್ನೂ ಸೌಖ್ಯವನ್ನೂ ಹೆಸರಿನಲ್ಲಿ ಹೊತ್ತ ಈ ಸಂಖ್ಯೆಯು ಗ್ರೀಕರ ಗಣನೆಯಲ್ಲಿ 'ಊನ' ಸಂಖ್ಯೆ! ಹೆಸರಿನ ಮಂಗಳವು ಸಂಖ್ಯೆಯ ಊನವನ್ನು ತುಂಬಲಿಲ್ಲ. ಸಂಖ್ಯೆಯ ಊನವು ಹೆಸರಿನ ಮಂಗಳವನ್ನು ಕೆಡಿಸಲೂ ಇಲ್ಲ. ಎರಡೂ ಬೇರೆ ಬೇರೆ ಲೋಕಗಳ ಮಾತುಗಳು.

ಮಹಾಸಂಖ್ಯೆಗಳ ಬಳಗ

ದೊಡ್ಡ ಸಂಖ್ಯೆಗಳಲ್ಲಿ ಸೌಂದರ್ಯವನ್ನು ಕಾಣುವ ಈ ದೃಷ್ಟಿ ನಮ್ಮ ನಾಡಿನದೂ ಹೌದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ, ಗುಣಾಕಾರದ ಫಲವು ಕಂಠಾಭರಣದಂತೆ ಎರಡು ಕಡೆಗಳಿಂದಲೂ ಒಂದೇ ಆಗಿ ಕಾಣುವ ಲೆಕ್ಕಗಳನ್ನು ಕೊಟ್ಟಿದ್ದಾನೆ. 2,79,94,681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಮನೆಯಲ್ಲಿ ಮಕ್ಕಳಿಂದ ಮಾಡಿಸಿ ನೋಡಿ. ಮಣಿಗಳು ಏರಿ ಇಳಿಯುವ ಹಾರವನ್ನು ಕಂಡು ಅವರ ಕಣ್ಣರಳುವುದು ನಿಶ್ಚಯ. ಈ ಸಂಖ್ಯೆಯು 1,11,111ರ ವರ್ಗವೂ ಆಗಿದೆ.

ಕೇರಳದಲ್ಲಿ ಸಂಗಮಗ್ರಾಮದ ಮಾಧವನು ಹದಿನಾಲ್ಕು-ಹದಿನೈದನೆಯ ಶತಮಾನಗಳಲ್ಲಿ ಇನ್ನೂ ದೊಡ್ಡ ಪೂರ್ಣಾಂಕವೊಂದನ್ನು ಲೋಕಕ್ಕೆ ಕೊಟ್ಟನು. ವೃತ್ತದ ವ್ಯಾಸವು 90,000 ಕೋಟಿಯಾದರೆ ಅದರ ಪರಿಧಿಯು 2827433388233 ಎಂದು ಅವನ ವಚನ. ಭಾಗಿಸಿ ನೋಡಿದರೆ 3.141592653592 ಎಂದು ಬರುತ್ತದೆ. ಇಂದು ನಮಗೆ ತಿಳಿದಿರುವ ನಿಜವಾದ ಬೆಲೆಯೊಡನೆ ಹೋಲಿಸಿದರೆ, ಎರಡು ಲಕ್ಷ ಎಂಬತ್ತೆರಡು ಸಾವಿರ ಕೋಟಿಗೂ ಮಿಕ್ಕ ಆ ಪರಿಧಿಯಲ್ಲಿ ವ್ಯತ್ಯಾಸವು ಎರಡು ಬಿಡಿಗಳಿಗಿಂತ ತುಸು ಹೆಚ್ಚು, ಅಷ್ಟೆ. ಈ ಸಂಖ್ಯೆಯನ್ನು ಹೇಳಲು ಬಳಸಿದ್ದು ಕಟಪಯಾದಿಯಲ್ಲ, ಭೂತಸಂಖ್ಯೆ ಎಂಬ ಇನ್ನೊಂದು ಪದ್ಧತಿ. ಅದರಲ್ಲಿ ದೇವತೆಗಳೆಂದರೆ 33, ಕಣ್ಣೆಂದರೆ 2, ಆನೆಯೆಂದರೆ 8, ನಕ್ಷತ್ರವೆಂದರೆ 27.

ಕಡತ್ತನಾಡಿನ ರಾಜಮನೆತನದ ಶಂಕರವರ್ಮನು ಹತ್ತೊಂಬತ್ತನೆಯ ಶತಮಾನದಲ್ಲಿ ರಚಿಸಿದ 'ಸದ್ರತ್ನಮಾಲೆ'ಯಲ್ಲಿ ಮತ್ತೆ ಕಟಪಯಾದಿಯನ್ನೇ ಬಳಸಿ, 314159265358979324 ಎಂಬ ಹದಿನೆಂಟು ಅಂಕಗಳ ಪರಿಧಿಯನ್ನು ಹೇಳಿದ್ದಾನೆ. ಈ ಪರಂಪರೆಯ ಉಪಪತ್ತಿಗಳನ್ನು ಮಲಯಾಳ ಭಾಷೆಯಲ್ಲಿ ವಿವರಿಸುವ ಜ್ಯೇಷ್ಠದೇವನ 'ಯುಕ್ತಿಭಾಷಾ' ಗ್ರಂಥದ ಗಣಿತಭಾಗವನ್ನು 1948ರಲ್ಲಿ ಟಿಪ್ಪಣಿಗಳೊಡನೆ ಹೊರತಂದವರಲ್ಲಿ ಒಬ್ಬರು ಕೊಚ್ಚಿಯ ರಾಜಮನೆತನದ ರಾಮವರ್ಮ ಮರು ತಂಬುರಾನ್; ಇನ್ನೊಬ್ಬರು ಅಖಿಲೇಶ್ವರ ಅಯ್ಯರ್. ಮಟ್ಟಾಂಚೇರಿಯ ಅರಮನೆಗೆ ಹೋಗಿ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡಿ ಬರುವ ನಾವು, ಆ ಮನೆತನದಲ್ಲಿ ಇಂತಹ ಗಣಿತವಿದ್ವಾಂಸರೂ ಇದ್ದರೆಂಬುದನ್ನು ನೆನೆಯಬೇಕು. ತಿರುವನಂತಪುರಕ್ಕೆ ಹೋದವರು ಕೇರಳ ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರವು ಕಾರ್ಯವಟ್ಟಂನಲ್ಲಿದೆಯೆಂಬುದನ್ನೂ ತಿಳಿದಿರಬೇಕು. ಕಾಗದಕ್ಕಿಂತ ನೆನಪನ್ನು ಹೆಚ್ಚು ನಂಬಿದ ಕಾಲದಲ್ಲಿ ಪದವೇ ಸಂಖ್ಯೆಯ ತಿಜೋರಿಯಾಗಿತ್ತು.

ನಮ್ಮದೇ ಒಂದು ಕಲಿದಿನ

ಪ್ರವಾಸಿ ಕನ್ನಡಿಗರಾದ ನಮಗೆ ಹತ್ತಿರವಾದ ದಿನವೊಂದನ್ನು ಇದೇ ರೀತಿಯಲ್ಲಿ ಎಣಿಸೋಣ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿತು. ಅದೇ ದಿನ ಕೇರಳವೂ ಜನಿಸಿತು. ನಾವು ಬಿಟ್ಟುಬಂದ ನಾಡಿಗೂ ಸೇರಿದ ನಾಡಿಗೂ ಹುಟ್ಟುಹಬ್ಬ ಒಂದೇ. ಅಂದಿನ ಕಲಿದಿನ 18,47,314. 7ರಿಂದ ಭಾಗಿಸಿದರೆ ಶೇಷವಿಲ್ಲದೆ 2,63,902 ಬರುತ್ತದೆ. ಶುಕ್ರವಾರದಿಂದ ಎಣಿಸಿದಾಗ ಏಳನೆಯದು ಗುರುವಾರ. ಅಂದು ಗುರುವಾರವೇ ಆಗಿತ್ತು.

ಈ ಸಂಖ್ಯೆಗೆ ಕಟಪಯಾದಿಯಲ್ಲಿ ಹೆಸರಿಡಲು ಯತ್ನಿಸಿದಾಗ 'ವಿಪುಲಸುವಿಜಯ' ಎಂಬ ಪದವು ದೊರೆಯಿತು. ವಿ 4, ಪು 1, ಲ 3, ಸು 7, ವಿ 4, ಜ 8, ಯ 1. ತಿರುಗಿಸಿ ಓದಿದರೆ 1847314. ಏಕೀಕರಣಕ್ಕಾಗಿ ದುಡಿದವರಿಗೆ ಆ ದಿನವು ವಿಪುಲವಾದ ಸುವಿಜಯವೇ ಆಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಸರಗೋಡಿನ ಕನ್ನಡಿಗರು ಅದೇ ಗುರುವಾರದಂದು ಕೇರಳದ ಪ್ರಜೆಗಳಾದರು. ಕನ್ನಡ ಶಾಲೆ, ಕನ್ನಡ ಪತ್ರವ್ಯವಹಾರಗಳ ಹಕ್ಕಿಗಾಗಿ ಅವರ ಹೋರಾಟವು ಅಂದಿನಿಂದ ಬೇರೊಂದು ಹಾದಿಯನ್ನು ಹಿಡಿಯಿತು. ಅವರಲ್ಲಿ ಯಾರಾದರೂ ಈ ದಿನಕ್ಕೆ ಹೆಸರಿಡುವುದಾದರೆ ಅದೇ ಏಳು ಅಂಕಗಳಿಂದ ನೋವಿನ ಪದವೊಂದನ್ನು ಕಟ್ಟಿಯಾರು. ಸಂಖ್ಯೆಯು ಇಬ್ಬರಿಗೂ ಒಡ್ಡಿಕೊಳ್ಳುತ್ತದೆ. 18,47,314 ಎಂಬುದು 7ರಿಂದ ಭಾಗವಾಗುವುದು ಎಲ್ಲರಿಗೂ ಒಂದೇ ಸತ್ಯ. ಅದರ ಸಂತೋಷ ದುಃಖಗಳು ಮಾತ್ರ ಎಣಿಸುವವರ ಮನಸ್ಸಿನಲ್ಲಿರುತ್ತವೆ.

ಸಂಖ್ಯೆಯೂ ಆರೋಗ್ಯವೂ

ಈ ವಿವೇಚನೆಯನ್ನು ಮರೆತಲ್ಲಿ ಅಪಾಯವು ಕಾದಿರುತ್ತದೆ. ಮಹಾನಗರಗಳಲ್ಲಿ ಅದೃಷ್ಟಸಂಖ್ಯೆಗಳ ವ್ಯಾಪಾರವು ಭರದಿಂದ ನಡೆಯುತ್ತಿದೆ. ಮನೆಯ ಸಂಖ್ಯೆ, ವಾಹನದ ಸಂಖ್ಯೆ, ದೂರವಾಣಿಯ ಸಂಖ್ಯೆಗಳನ್ನು ಕೂಡಿಸಿ ಕಳೆದು, ಹೆಸರಿಗೆ ಒಂದು ಅಕ್ಷರವನ್ನು ಸೇರಿಸಿದರೆ ರೋಗವು ವಾಸಿಯಾಗುವುದೆಂದು ಹೇಳುವವರಿಗೂ ಕಡಮೆಯಿಲ್ಲ. 17,12,210ರ ಅಂಕಗಳನ್ನು ಕೂಡಿದರೆ 14, ಮತ್ತೆ ಕೂಡಿದರೆ 5. ಈ 5 ಎಂಬುದು ನಮಗೆ ತಿಳಿಸುವ ಸಂಗತಿ ಒಂದೇ: ಆ ಸಂಖ್ಯೆಯನ್ನು 9ರಿಂದ ಭಾಗಿಸಿದರೆ 5 ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದು ಹೇಳಲಾರದು.

ಒಂದು ಉದಾಹರಣೆಯನ್ನು ಗಮನಿಸಿ. 120 ಎಂಬ ಸಂಖ್ಯೆಗೆ ಕಟಪಯಾದಿಯಲ್ಲಿ 'ನರಪ' ಎಂದು ಹೆಸರಿಡಬಹುದು, ಎಂದರೆ ದೊರೆ. ಅದೇ ಸಂಖ್ಯೆಗೆ 'ನರಕ' ಎಂದೂ ಹೆಸರಿಡಬಹುದು. ಪಕಾರಕ್ಕೂ ಕಕಾರಕ್ಕೂ ಬೆಲೆ ಒಂದೇ. ರಕ್ತದ ಒತ್ತಡವನ್ನು ಅಳೆದಾಗ ಮೇಲಿನ ಅಂಕಿ 120ರ ಆಸುಪಾಸಿನಲ್ಲಿದೆಯೆಂದು ವೈದ್ಯರು ಹೇಳಿದರೆ, 'ಇದು ನರಕದ ಸಂಖ್ಯೆ' ಎಂದು ಯಾವ ವಿವೇಕಿಯಾದರೂ ಹೆದರುವನೇ? ಅದೇ ಅಂಕಿ 160 ಆಗಿದ್ದಾಗ ಅದಕ್ಕೆ ಎಷ್ಟು ಸುಂದರವಾದ ಹೆಸರನ್ನಿಟ್ಟರೂ ಹೃದಯಕ್ಕೂ ಮೂತ್ರಪಿಂಡಕ್ಕೂ ಆಗುವ ಹಾನಿಯು ತಪ್ಪದು. ಬರಿಹೊಟ್ಟೆಯ ರಕ್ತದ ಸಕ್ಕರೆಯು 100 ಮಿಲಿಗ್ರಾಮಿನೊಳಗೆ ಇರಬೇಕು. 126 ಅಥವಾ ಅದಕ್ಕಿಂತ ಹೆಚ್ಚು ಎಂದು ಮತ್ತೆ ಮತ್ತೆ ಬಂದರೆ ಅದು ಮಧುಮೇಹ. ಉಪ್ಪು ದಿನಕ್ಕೆ 5 ಗ್ರಾಮನ್ನು ಮೀರಬಾರದು. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯಬೇಕು. ನಮ್ಮ ಆಯುಷ್ಯವನ್ನು ತೂಗುವ ಸಂಖ್ಯೆಗಳು ಇವು. ಇವುಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡುವುದು ಉತ್ತಮ ಅಭ್ಯಾಸ.

ಭಟ್ಟತಿರಿಗಳನ್ನು ಪೀಡಿಸಿದ 'ವಾತ' ಎಂಬ ಪದವು ಅನೇಕ ಬೇನೆಗಳನ್ನು ಒಳಗೊಳ್ಳುತ್ತದೆ. ಇಂದಿನ ವೈದ್ಯರು ಸವೆತದಿಂದ ಬರುವ ಕೀಲುನೋವು, ಯೂರಿಕ್ ಆಮ್ಲದಿಂದ ಬರುವ ಗೌಟ್, ದೇಹದ ರಕ್ಷಣಾಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ರುಮಟಾಯ್ಡ್ ಸಂಧಿವಾತ ಎಂದು ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಚಿಕಿತ್ಸೆಗಳೂ ಬೇರೆ ಬೇರೆ. ಬೆಳಗ್ಗೆ ಎದ್ದಾಗ ಕೈಬೆರಳುಗಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ, ಕೀಲುಗಳ ಬಾವು ಕೆಲವು ವಾರಗಳಾದರೂ ಇಳಿಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ರುಮಟಾಯ್ಡ್ ಸಂಧಿವಾತದಲ್ಲಿ ಮೊದಲ ತಿಂಗಳುಗಳಲ್ಲಿಯೇ ಔಷಧವನ್ನು ಆರಂಭಿಸಿದರೆ ಕೀಲುಗಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಪ್ರಾರ್ಥನೆಯು ಮನಸ್ಸಿಗೆ ಧೈರ್ಯವನ್ನು ಕೊಡುತ್ತದೆ. ಔಷಧವು ಕೀಲುಗಳನ್ನು ಕಾಪಾಡುತ್ತದೆ. ಒಂದಿರುವುದರಿಂದ ಇನ್ನೊಂದನ್ನು ಬಿಡಬೇಕಾಗಿಲ್ಲ.

ಹಾಗಾದರೆ ಸಂಖ್ಯೆಗಳಿಗೆ ಹೆಸರಿಡುವ ಹಳೆಯ ವಿದ್ಯೆಯಿಂದ ಇಂದು ಪ್ರಯೋಜನವೇ ಇಲ್ಲವೇ? ಉಂಟು. ಅದು ನೆನಪಿನ ವಿದ್ಯೆ. ತುರ್ತು ಸಮಯದಲ್ಲಿ ಆಂಬುಲೆನ್ಸ್ ಕರೆಯುವ 108 ಎಂಬುದು 'ಜನಪ' ಎಂಬ ಪದದಲ್ಲಿ ಅಡಗಿದೆ. ದೇಶಕ್ಕೆಲ್ಲ ಒಂದಾದ ತುರ್ತು ಸಂಖ್ಯೆ 112 ಎಂಬುದು 'ರೂಪಕ'. ಹೊಸ ಊರಿನಲ್ಲಿ ಒಂಟಿಯಾಗಿರುವ ವೃದ್ಧರಿಗೆ ಅಂಕಿ ಮರೆತರೂ ಪದ ಮರೆಯದು. ಅಜ್ಜಿಯು ಮೊಮ್ಮಗುವಿಗೆ ಈ ಅಕ್ಷರಸೂತ್ರವನ್ನು ಕಲಿಸಿದರೆ ಕನ್ನಡ ವರ್ಣಮಾಲೆಯೂ ಗಣಿತವೂ ಒಂದೇ ಪಾಠದಲ್ಲಿ ಮುಗಿಯುತ್ತವೆ. ಕನ್ನಡ ಶಾಲೆಯಿಲ್ಲದ ಊರುಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕ, ಖ, ಗ, ಘಗಳನ್ನು ಕ್ರಮವಾಗಿ ನೆನಪಿಡಲು ಇದಕ್ಕಿಂತ ರುಚಿಕರವಾದ ಆಟವು ವಿರಳವೆಂದರೆ ತಪ್ಪಾಗಲಾರದು.

ಕೊನೆಯದಾಗಿ ಇನ್ನೊಂದು ಲೆಕ್ಕ. ಎಪ್ಪತ್ತು ವರ್ಷಗಳ ಬಾಳ್ವೆಯೆಂದರೆ ಸುಮಾರು 25,567 ದಿನಗಳು. 17,12,210 ದಿನಗಳಲ್ಲಿ ಅಂತಹ ಅರವತ್ತೇಳು ಬಾಳ್ವೆಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಹತ್ತು ಸಾವಿರದ ದಿನವು ಮನುಷ್ಯನಿಗೆ ಇಪ್ಪತ್ತೇಳು ವರ್ಷ ನಾಲ್ಕೂವರೆ ತಿಂಗಳು ತುಂಬುವಾಗಲೇ ಬಂದುಹೋಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಗಮನಿಸದೆಯೇ ದಾಟಿದ್ದೇವೆ. ದಿನಗಳನ್ನು ಎಣಿಸಿದಾಗ ಅವುಗಳ ಬೆಲೆ ತಿಳಿಯುತ್ತದೆ; ಬೆಲೆ ತಿಳಿದವನು ದೇಹವನ್ನು ಅಲಕ್ಷಿಸಲಾರನು. ವಾತದಿಂದ ಬಳಲಿದ ಕವಿಯೊಬ್ಬನು ತನ್ನ ಕಾವ್ಯ ಮುಗಿದ ದಿನದ ಲೆಕ್ಕದಲ್ಲಿ ಲೋಕಕ್ಕೆ ಆಯುರಾರೋಗ್ಯಗಳನ್ನು ಕೋರಿದನೆಂಬುದು ಆ ಸಂಖ್ಯೆಯ ಪವಾಡವಲ್ಲ, ಆ ಹೃದಯದ ದೊಡ್ಡತನ. ಅದೇ ಕೋರಿಕೆಯನ್ನು ನಮ್ಮ ಸಂಘದ ಸರ್ವಸದಸ್ಯರಿಗೂ ಅವರ ಕುಟುಂಬವರ್ಗಕ್ಕೂ ಸಲ್ಲಿಸುತ್ತಾ, ಹದಿನೇಳು ಲಕ್ಷದ ಹನ್ನೆರಡು ಸಾವಿರದ ಇನ್ನೂರ ಹತ್ತು ಎಂದು ಹಾರೈಸಿ ವಿರಮಿಸುತ್ತೇನೆ.